ಹುಣಸೆಬೀಜದ ದಾರಿ

ಹತ್ತಿರ ಬನ್ನಿ. ಇನ್ನೂ ಸ್ವಲ್ಪ. ಗೋಡೆಯಾಚೆ ನಿಂಬೆವ್ವ ಇದ್ದಾಳೆ, ಅವಳ ಕಿವಿ ಬಲು ಚುರುಕು. ನಾನು ಈಗ ಹೇಳುವ ಮಾತು ನಿಮ್ಮ ಹೊಟ್ಟೆಯಲ್ಲೇ ಉಳಿಯಬೇಕು. ಯಾರಾದರೂ ಕೇಳಿದರೆ ಫಕೀರವ್ವ ಹೇಳಿದಳು ಎನ್ನಬೇಡಿ. ಮಠದಲ್ಲಿ ಕೇಳಿದೆ ಎನ್ನಿ. ಅದು ಸುಳ್ಳೂ ಅಲ್ಲ.

ಎಲ್ಲ ಶುರುವಾದದ್ದು ಒಂದು ಪ್ರಶ್ನೆಯಿಂದ.

"ಅಪ್ಪಾ, ಮಕ್ಕಳನ್ನು ಊರ ಹೊರಗೆ ಕರೆದುಕೊಂಡು ಹೋಗಬೇಕು. ಯಾವ ದಾರಿಯಲ್ಲಿ ಹೋದರೆ ಅವರಿಗೆ ಏನೂ ಆಗುವುದಿಲ್ಲ?"

ಕೇಳಿದವಳು ದಾಕ್ಷಾಯಣಿ. ಮಠದ ಹಿಂದಿನ ಪಡಸಾಲೆಯಲ್ಲಿ ಶಿಶುವಿಹಾರ ನಡೆಸುತ್ತಾಳೆ. ಮಠದ ಸ್ವಾಮಿಗಳಾದ ಅಪ್ಪನವರ ಶಿಷ್ಯೆ. ಪ್ರತಿ ಶನಿವಾರ ಮಕ್ಕಳನ್ನು ಬಾರೆಗಿಡದ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಮಕ್ಕಳು ಅಲ್ಲಿ ಓಡುತ್ತಿದ್ದವು, ಹಣ್ಣು ಆರಿಸುತ್ತಿದ್ದವು, ಮೈತುಂಬ ಮಣ್ಣು ಮಾಡಿಕೊಂಡು ಬರುತ್ತಿದ್ದವು. ಹೋಗುತ್ತಿದ್ದದ್ದು ರಾಚಪ್ಪನ ಬಟ್ಟೆ ಗೋಡಾನಿನ ಹಿಂದಿನ ಅಡ್ಡದಾರಿಯಲ್ಲಿ. ನಮ್ಮ ಓಣಿಯಿಂದ ಹೋದರೆ ಸುತ್ತು.

ಹಿಂದಿನ ತಿಂಗಳು ಒಂದು ಶನಿವಾರ ಮರಳಿ ಬಂದು ನೋಡಿದರೆ ನೇಕಾರರ ಮನೆಯ ಚಂಪಾ ಇರಲಿಲ್ಲ. ನಾಲ್ಕು ವರ್ಷದ ಕೂಸು. ಊರೆಲ್ಲ ಹುಡುಕಿತು. ಸಂಜೆಯ ಹೊತ್ತಿಗೆ ಗೋಡಾನಿನ ಹಿಂದೆ, ಖಾಲಿ ಪೆಟ್ಟಿಗೆಗಳ ಸಂದಿಯಲ್ಲಿ ಸಿಕ್ಕಿತು. ಅತ್ತು ಅತ್ತು ಅದರ ದನಿಯೇ ಹೋಗಿತ್ತು. ಮೈಗೆ ಏನೂ ಆಗಿರಲಿಲ್ಲ. ಯಾಕೆ ಅಲ್ಲಿ ಕೂತೆ ಎಂದು ಕೇಳಿದರೆ ಬಾಯಿಯೇ ಬಿಡಲಿಲ್ಲ.

ಮಠದ ಕಮಿಟಿಗೆ ರಾಚಪ್ಪನೇ ಹಿರಿಯ. ಅವನು ಎದ್ದು ನಿಂತು, ಈ ತಿರುಗಾಟ ನಿಲ್ಲಬೇಕು, ಇಲ್ಲವೇ ಈ ಹುಡುಗಿ ಬೇರೆ ಕೆಲಸ ನೋಡಿಕೊಳ್ಳಬೇಕು ಎಂದ. ಭಾನುವಾರ ಕಮಿಟಿ ಕೂಡಿ ತೀರ್ಮಾನ ಮಾಡುವುದೆಂದು ಆಯಿತು. ಅಷ್ಟರಲ್ಲಿ ಅಮಾವಾಸ್ಯೆ ಬಂತು. ಪ್ರಸಾದ ಮುಗಿದ ಮೇಲೆ ದಾಕ್ಷಾಯಣಿ ಅಪ್ಪನವರ ಮುಂದೆ ಕೂತು ಹೀಗೆ ಕೇಳಿದಳು. ಅವಳ ಕಣ್ಣು ಕೆಂಪಾಗಿತ್ತು. ನಾನೂ ನಿಂಬೆವ್ವನೂ ಕಂಬದ ಹಿಂದೆ ಕೂತು ದೀಪದ ಬತ್ತಿ ಹೊಸೆಯುತ್ತಿದ್ದೆವು. ನಾವು ಕೇಳಬೇಕೆಂದು ಕೂತವರಲ್ಲ. ಹತ್ತಿ ಅಲ್ಲೇ ಇತ್ತು.

ಅಪ್ಪನವರ ರೀತಿ ನಿಮಗೆ ಗೊತ್ತಲ್ಲ. ಕೇಳಿದ್ದಕ್ಕೆ ಹೌದು ಅಲ್ಲ ಎನ್ನುವುದಿಲ್ಲ. ಕತೆ ಹೇಳುತ್ತಾರೆ. ಕತೆಯಲ್ಲಿ ಯಾರ ಹೆಸರೂ ಇರುವುದಿಲ್ಲ. ಒಬ್ಬ ರೈತ ಎನ್ನುತ್ತಾರೆ, ಒಬ್ಬ ವ್ಯಾಪಾರಿ ಎನ್ನುತ್ತಾರೆ. ಅವರು ಸಂತರು, ಹೆಸರು ಹೇಳದೆ ಇರಬಲ್ಲರು. ಯಾವ ರೈತ, ಯಾವ ವ್ಯಾಪಾರಿ ಎಂಬುದನ್ನು ಯಾರಾದರೂ ಬಿಡಿಸಿ ಹೇಳಬೇಕಲ್ಲ. ಆ ಸೇವೆ ನನ್ನ ಪಾಲಿಗೆ ಬಂದಿದೆ.

ಅಪ್ಪನವರು ಹೇಳಿದರು.

"ಒಂದು ಊರಿನಲ್ಲಿ ಪಾಠ ಹೇಳುವವನೊಬ್ಬನಿದ್ದ. ವಾರಕ್ಕೊಮ್ಮೆ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗುತ್ತಿದ್ದ. ಒಂದು ದಿನ ಒಂದು ಮಗು ದಾರಿಯಲ್ಲಿ ಉಳಿಯಿತು. ಆಮೇಲೆ ಸಿಕ್ಕಿತು. ಆದರೆ ಊರಿಗೆ ಭಯ ಹೊಕ್ಕಿತು. ಊರಿನ ಒಬ್ಬ ವ್ಯಾಪಾರಿ ಹೇಳಿದ: ‘ಬಾಗಿಲು ಹಾಕು. ಒಳಗೇ ಕೂರಿಸು. ಒಳಗಿದ್ದ ಮಗು ಕಳೆಯುವುದಿಲ್ಲ.’ ಒಬ್ಬ ರೈತ ಹೇಳಿದ: ‘ಹೋಗಲಿ, ಆದರೆ ಒಂದು ಹಗ್ಗಕ್ಕೆ ಎಲ್ಲರ ಕೈ ಕಟ್ಟಿ ನಡೆಸು.’"

ವ್ಯಾಪಾರಿ ಯಾರೆಂದು ನಾನು ಹೇಳಬೇಕಾಗಿಲ್ಲ. ರೈತ ಎಂದರೆ ಕೆಳಗಿನ ಓಣಿಯ ಈರಪ್ಪ. ಹಗ್ಗ ಎಂದ ಕೂಡಲೇ ನನಗೆ ಗೊತ್ತಾಯಿತು. ಅವನು ಕಂಡದ್ದನ್ನೆಲ್ಲ ಕಟ್ಟುವ ಪೈಕಿ. ಹೆಂಡತಿಯನ್ನೂ ಬಾವಿಗೆ ಹೋಗಿ ಬರುವಷ್ಟೇ ಬಿಡುತ್ತಿದ್ದ. ಅವಳು ಯುಗಾದಿಗೆ ತವರಿಗೆ ಹೋದವಳು ದೀಪಾವಳಿಗೂ ಬರಲಿಲ್ಲ. ಹಾಲು ಹಿಂಡುವವರಿಲ್ಲ, ಎಮ್ಮೆ ಇವನನ್ನು ಒದೆಯುತ್ತದೆ. ಇದನ್ನು ನಿಂಬೆವ್ವನ ಕಿವಿಯಲ್ಲಿ ಹೇಳಿದೆ.

"ಯಕ್ಕಾ, ಒಂದೀಟು ಬಾಯಿ ಮುಚ್ಚು. ಅಪ್ಪಾವರು ಹೇಳಾಕತ್ತಾರ," ಎಂದಳು.

"ನಾ ಎಲ್ಲಿ ಬಾಯಿ ತಗದೆ? ಉಸಿರು ಬಿಟ್ಟೆ."

ಅಪ್ಪನವರು ಮುಂದುವರಿಸಿದರು.

"ಪಾಠ ಹೇಳುವವನು ಇನ್ನೊಂದು ಅವಕಾಶ ಬೇಡಿದ. ಹಿರಿಯರು ಒಪ್ಪಿದರು. ‘ಆದರೆ ದಾರಿಯನ್ನು ನಾವು ಗೊತ್ತುಮಾಡುತ್ತೇವೆ’ ಎಂದರು. ತಾವೇ ನಡೆದು ನೋಡಿದರು. ಎಲ್ಲಕ್ಕಿಂತ ನೇರವಾದ, ಎಲ್ಲಕ್ಕಿಂತ ಗಿಡ್ಡನೆಯ ದಾರಿಯನ್ನು ಆರಿಸಿದರು. ಮುಳ್ಳು ತೆಗೆಸಿದರು. ಗುಂಡಿಗೆ ಚಪ್ಪಡಿ ಹಾಕಿಸಿದರು. ರೈತನ ಹೋರಿಯನ್ನು ಒಳಗೆ ಕಟ್ಟಿಸಿದರು. ಇನ್ನು ಈ ದಾರಿಯಲ್ಲಿ ಒಂದು ಇರುವೆಯೂ ಕಚ್ಚುವುದಿಲ್ಲ ಎಂದರು. ಮರುವಾರ ಮಕ್ಕಳು ಹೊರಟವು. ಅರ್ಧ ದಾರಿಗೆ ಹೋಗಿ ನಿಂತವು. ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಎಳೆದರೆ ಅತ್ತವು. ಹಿರಿಯರು ಹೇಳಿದರು: ‘ನೋಡು, ಮಕ್ಕಳಿಗೇ ಮನಸ್ಸಿಲ್ಲ. ಇನ್ನು ಬಾಗಿಲು ಹಾಕು.’"

ದಾಕ್ಷಾಯಣಿ ತಲೆ ತಗ್ಗಿಸಿದಳು. ಅವಳಿಗೂ ಹೀಗೇ ಆಗಿತ್ತು. ಅವಳು ಬೇಡಿಕೊಂಡ ಮೇಲೆ, ಅಮಾವಾಸ್ಯೆಯ ಹಿಂದಿನ ಶನಿವಾರ ರಾಚಪ್ಪ ಮುಂದೆ ನಿಂತು ದಾರಿ ತೋರಿಸಿದ್ದ. ಮಕ್ಕಳು ಗೋಡಾನಿನ ಮೂಲೆಗೆ ಹೋಗಿ ಬಾಲ ಹಿಡಿದ ಬೆಕ್ಕಿನ ಹಾಗೆ ಕೂಗಿಕೊಂಡಿದ್ದವು.

"ಪಾಠ ಹೇಳುವವನು ಮನೆಗೆ ಹೋಗಿ ಯೋಚಿಸಿದ. ಈ ದಾರಿಯ ಬಗ್ಗೆ ಊರಿನ ಎಲ್ಲರನ್ನೂ ಕೇಳಿದ್ದಾಯಿತು. ಅದರಲ್ಲಿ ನಡೆಯಬೇಕಾದವರನ್ನು ಮಾತ್ರ ಯಾರೂ ಕೇಳಲಿಲ್ಲ. ಮರುದಿನ ಅವನು ಅಂಗಳ ಗುಡಿಸಿದ. ಮಕ್ಕಳ ಮುಂದೆ ಒಂದು ಮೊರ ಹುಣಸೆಬೀಜ ಸುರಿದ. ‘ಇದು ನಮ್ಮ ಪಡಸಾಲೆ. ಅದು ಬಯಲು. ನೀವು ಹೇಗೆ ಹೋಗುತ್ತೀರಿ, ಬೀಜ ಇಟ್ಟು ತೋರಿಸಿ’ ಎಂದ. ಮಕ್ಕಳು ಜಗಳವಾಡಿದವು. ಇಟ್ಟವು, ತೆಗೆದವು, ಮತ್ತೆ ಇಟ್ಟವು. ಮಧ್ಯಾಹ್ನದ ಹೊತ್ತಿಗೆ ದಾರಿ ಮುಗಿಯಿತು. ಅವನು ಹಿರಿಯರನ್ನು ಕರೆದು ತೋರಿಸಿದ. ಹಿರಿಯರು ನಕ್ಕರು. ಆ ದಾರಿ ನಾಲ್ಕು ಕಡೆ ಸೊಟ್ಟಗಿತ್ತು. ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ಹೋಗಿತ್ತು. ವ್ಯಾಪಾರಿ ಹೇಳಿದ: ‘ಇದು ದಾರಿಯಲ್ಲ, ಹಾವು ಹರಿದದ್ದು.’ ಪಾಠ ಹೇಳುವವನು ಒಂದೊಂದು ತಿರುವಿಗೂ ಮಕ್ಕಳನ್ನು ಕಾರಣ ಕೇಳಿದ."

ಅಪ್ಪನವರು ನೀರು ಕುಡಿದರು. ನನಗೆ ತಡೆಯಲಾಗಲಿಲ್ಲ. ಕತೆ ಹೇಳುವವರು ನಡುವೆ ನೀರು ಕುಡಿಯಬಾರದು ಎಂದು ಯಾರಾದರೂ ಒಂದು ನಿಯಮ ಮಾಡಬೇಕು.

"ಮೊದಲ ತಿರುವು ನೇಕಾರರ ಓಣಿಯ ಹತ್ತಿರ. ಬೆಳಿಗ್ಗೆ ಅಲ್ಲಿ ನೂಲು ಚಾಚಿ ಗಂಜಿ ಹಚ್ಚುತ್ತಾರೆ. ಅದನ್ನು ಬಿಗಿದು ಕಟ್ಟಿದ ಹಗ್ಗ ಓಣಿಗೆ ಅಡ್ಡ ಇರುತ್ತದೆ. ದೊಡ್ಡವರು ಅದನ್ನು ಕೈಯಿಂದ ಸರಿಸಿ ದಾಟುತ್ತಾರೆ. ಅವರಿಗೆ ಅದು ಸೊಂಟಕ್ಕೆ ಬರುತ್ತದೆ. ಮಕ್ಕಳಿಗೆ ಕುತ್ತಿಗೆಗೆ. ಎರಡನೆಯದು ರೈತನ ಮನೆ. ಹೋರಿಯ ಮುಂದೆ ಹೋಗಲು ಮಕ್ಕಳಿಗೆ ಅಂಜಿಕೆ ಇರಲಿಲ್ಲ. ಅದು ಅವರ ಕೈಯಿಂದ ಹುಲ್ಲು ತಿನ್ನುತ್ತಿತ್ತು. ಅಂಜಿಕೆ ಇದ್ದದ್ದು ಅವನ ಹುಂಜದ್ದು. ಅದು ಜಿಗಿದರೆ ರೈತನ ಮೊಣಕಾಲಿಗೆ ತಾಗುತ್ತದೆ, ಮಗುವಿನ ಕಣ್ಣಿಗೆ ತಾಗುತ್ತದೆ. ಹಿರಿಯರು ಹೋರಿಯನ್ನು ಕಟ್ಟಿ ಹುಂಜವನ್ನು ಬಿಟ್ಟಿದ್ದರು."

ನಿಂಬೆವ್ವ ನಕ್ಕಳು. ಆ ಹುಂಜ ಅವಳನ್ನೂ ಒಮ್ಮೆ ಬೆನ್ನಟ್ಟಿತ್ತು. ಕೊಡ ಬಿಸಾಕಿ ಓಡಿದ್ದಳು. ಸೀರೆ ಮೊಣಕಾಲಿನ ಮೇಲಿತ್ತು. ಅದನ್ನು ಯಾರು ಯಾರು ನೋಡಿದರು ಎಂಬುದು ಇನ್ನೊಂದು ಕತೆ.

"ಮೂರನೆಯ ತಿರುವು ವ್ಯಾಪಾರಿಯ ಉಗ್ರಾಣದ ಹಿಂದೆ. ಅಲ್ಲಿಯ ದಾರಿ ಅಗಲ. ಕಲ್ಲಿಲ್ಲ, ಮುಳ್ಳಿಲ್ಲ. ನೆರಳೂ ಇದೆ. ಆದರೂ ಮಕ್ಕಳ ಬೀಜಗಳು ಅದರಿಂದ ದೂರ ಹೋಗಿದ್ದವು. ‘ಇಲ್ಲಿ ಏನಿದೆ?’ ಎಂದು ಪಾಠ ಹೇಳುವವನು ಕೇಳಿದ. ಹಿಂದೆ ಕಳೆದುಹೋಗಿದ್ದ ಮಗು ಆವತ್ತು ಮೊದಲ ಸಲ ಬಾಯಿ ಬಿಟ್ಟಿತು: ‘ಅಲ್ಲಿ ಗೋಡೆಯಲ್ಲಿ ಒಂದು ಬಾಗಿಲಿದೆ. ಮುಂಬಾಗಿಲಲ್ಲಿ ಹೆಂಗಸರ ದನಿ ಕೇಳಿದರೆ ಅದು ತೆರೆಯುತ್ತದೆ. ಒಳಗಿಂದ ಗಂಡಸರು ಓಡಿ ಬರುತ್ತಾರೆ. ಕೆಳಗೆ ನೋಡುವುದಿಲ್ಲ.’"

ನನ್ನ ಕೈಯಲ್ಲಿದ್ದ ಬತ್ತಿ ಹರಿಯಿತು.

ನೋಡಿ, ಇದಕ್ಕೇ ನಾನು ಹತ್ತಿರ ಬನ್ನಿ ಎಂದದ್ದು. ರಾಚಪ್ಪನ ಗೋಡಾನಿನಲ್ಲಿ ಮಧ್ಯಾಹ್ನ ಇಸ್ಪೀಟು ನಡೆಯುತ್ತದೆ ಎಂದು ನಾನು ಯಾವಾಗಿನಿಂದಲೋ ಹೇಳುತ್ತ ಬಂದಿದ್ದೆ. ಯಾರೂ ನಂಬಿರಲಿಲ್ಲ. ರಾಚಪ್ಪ ವಿಭೂತಿ ಹಚ್ಚಿಕೊಂಡು ಕಮಿಟಿಯಲ್ಲಿ ಕೂರುವವನು, ಫಕೀರವ್ವನ ಬಾಯಿಗೆ ಬೀಗವಿಲ್ಲ ಎಂದಿದ್ದರು. ಊಟಕ್ಕೆ ಬಾರದ ಗಂಡನನ್ನು ಹುಡುಕಿಕೊಂಡು ಯಾವ ಹೆಂಗಸು ಮುಂಬಾಗಿಲಿಗೆ ಬಂದರೂ ಆಡುವವರು ಹಿಂಬಾಗಿಲಿನಿಂದ ಪಾರಾಗುತ್ತಾರೆ. ಮುಖಕ್ಕೆ ಟವಲು ಬೇರೆ. ಶಾನುಭೋಗರ ಅಳಿಯ ಇರುತ್ತಾನೆ. ಪಂಚಾಂಗ ನೋಡುವವನೂ ಇರುತ್ತಾನೆ. ಇನ್ನೊಬ್ಬನ ಹೆಸರು ಹೇಳುವುದಿಲ್ಲ, ಅವನ ಹೆಂಡತಿ ನನಗೆ ಉಪ್ಪಿನಕಾಯಿ ಕೊಡುತ್ತಾಳೆ. ಆ ಶನಿವಾರ ಈ ಗಂಡಸರೆಲ್ಲ ಓಡಿ ಬಂದಾಗ ಸಾಲಿನ ಕೊನೆಯಲ್ಲಿದ್ದ ಚಂಪಾ ಅವರ ಕಾಲಿಗೆ ಸಿಕ್ಕಿ ಬಿದ್ದಳು. ಹೆದರಿ ಪೆಟ್ಟಿಗೆ ಸಂದಿಗೆ ತೂರಿದಳು. ಒಬ್ಬ ತಿರುಗಿ ನೋಡಿ ಬೆರಳು ಬಾಯಿಗೆ ಇಟ್ಟು ಹೆದರಿಸಿದ. ಅದು ಕತೆಯಲ್ಲಿ ಇರಲಿಲ್ಲ. ಅದನ್ನು ಆಮೇಲೆ ಚಂಪಾಳ ಬಾಯಿಂದಲೇ ನಾನು ಬಿಡಿಸಿದೆ. ಒಂದು ಉಂಡೆ ಬೆಲ್ಲ ಹಿಡಿಯಿತು.

ತಿರುಗಾಟ ನಿಲ್ಲಬೇಕೆಂದು ರಾಚಪ್ಪ ಯಾಕೆ ಅಷ್ಟು ಹಟ ಹಿಡಿದ ಎಂಬುದು ಈಗ ತಿಳಿಯಿತಲ್ಲ. ಮಕ್ಕಳು ಕಳೆದುಹೋಗುತ್ತವೆ ಎಂದಲ್ಲ. ಮಕ್ಕಳು ನೋಡುತ್ತವೆ ಎಂದು.

"ಯವ್ವಾ ನಿಂಬೆವ್ವಾ, ನಾ ಅಂದಿದ್ದಿಲ್ಲೇನ?" ಎಂದೆ.

"ಅಂದಿದ್ದಿ ಅಂದಿದ್ದಿ. ಮುಂದಿಂದು ಕೇಳು."

ಅಪ್ಪನವರು ಹೇಳಿದರು.

"ವ್ಯಾಪಾರಿಯ ನಗು ನಿಂತಿತು. ಪಾಠ ಹೇಳುವವನು ಆ ಮಾತನ್ನು ಬೆಳೆಸಲಿಲ್ಲ. ಮುಂದೆ ಕೇಳಿದ: ‘ಸಾಲಿನಲ್ಲಿ ಯಾರು ಮುಂದೆ ನಡೆಯಬೇಕು?’ ಅವನು ಯಾವಾಗಲೂ ಗಟ್ಟಿ ಮಕ್ಕಳನ್ನು ಮುಂದೆ ಬಿಡುತ್ತಿದ್ದ. ಮಕ್ಕಳು ಹೇಳಿದವು: ‘ಎಲ್ಲರಿಗಿಂತ ಮೆಲ್ಲಗೆ ನಡೆಯುವವರು ಮುಂದೆ. ಆಗ ಯಾರೂ ಹಿಂದೆ ಉಳಿಯುವುದಿಲ್ಲ.’ ನೀರು ಎಲ್ಲಿ ಕುಡಿಯಬೇಕು, ಕಾಲು ಸೋತರೆ ಎಲ್ಲಿ ಕೂರಬೇಕು ಎಂದು ಅವೇ ಹೇಳಿದವು. ಅಲ್ಲಲ್ಲಿ ಒಂದೊಂದು ಕಲ್ಲು ಇಟ್ಟು ತೋರಿಸಿದವು. ಇನ್ನು ಒಂದು ತಿರುವು ಉಳಿದಿತ್ತು. ಅದು ಎಲ್ಲಕ್ಕಿಂತ ದೊಡ್ಡ ಸುತ್ತು. ಊರಿನ ಒಂದು ಓಣಿಯಲ್ಲಿ, ತನ್ನ ಮನೆಯ ಕಟ್ಟೆಯ ಮೇಲೆ, ಒಬ್ಬ ಮುದುಕಿ ದಿನವೆಲ್ಲ ಕೂರುತ್ತಿದ್ದಳು. ದಾರಿಯಲ್ಲಿ ಹೋಗುವ ಯಾರನ್ನೂ ಬಿಡುತ್ತಿರಲಿಲ್ಲ. ಎಲ್ಲಿಗೆ ಹೊರಟೆ, ಮನೆಗೆ ಯಾರು ಬಂದಿದ್ದರು, ನಿನ್ನೆ ನಿಮ್ಮಲ್ಲಿ ಯಾಕೆ ಗದ್ದಲ ಎಂದು ಕೇಳುತ್ತಿದ್ದಳು. ದೊಡ್ಡವರು ಆ ಓಣಿಯನ್ನು ತಪ್ಪಿಸಿಕೊಂಡು ತಿರುಗುತ್ತಿದ್ದರು."

ನನಗೆ ತಕ್ಷಣ ಗೊತ್ತಾಯಿತು. ದ್ಯಾಮವ್ವ. ನಮ್ಮ ಓಣಿಯ ಆ ತುದಿಯ ಮನೆಯವಳು. ಹೊಸ್ತಿಲಿಗೆ ಅಡ್ಡ ಮಣೆ ಹಾಕಿಕೊಂಡು ಕೂತರೆ ಸಂಜೆಯವರೆಗೂ ಏಳುವುದಿಲ್ಲ. ಊರ ಸುದ್ದಿಯೆಲ್ಲ ಬೇಕು. ಅದೂ ಸರಿಯಾಗಿ ಬರುವುದಿಲ್ಲ ಅವಳಿಗೆ. ಹಿರೇಗೌಡರ ಸೊಸೆ ಬಸುರಿ ಎಂದು ಊರೆಲ್ಲ ಸಾರಿದಳು, ನೋಡಿದರೆ ಅವಳಿಗೆ ಹೊಟ್ಟೆನೋವು. ನಾನೂ ನಾಲ್ಕು ಜನರನ್ನು ಮಾತನಾಡಿಸುತ್ತೇನೆ. ಅದು ಅಂತಃಕರಣ. ಅವಳದು ಚಟ.

"ದ್ಯಾಮಿ," ಎಂದೆ ನಿಂಬೆವ್ವನಿಗೆ. ಅವಳು ನನ್ನ ಮುಖ ನೋಡಿದಳು. ಬತ್ತಿ ಹೊಸೆದಳು.

"ಮಕ್ಕಳ ದಾರಿ ಆ ಕಟ್ಟೆಯ ಮುಂದೆ ಹೋಗುವಾಗ ಒಮ್ಮೆ ಹಾದಿತ್ತು, ಬರುವಾಗ ಇನ್ನೊಮ್ಮೆ ಹಾದಿತ್ತು. ಪಾಠ ಹೇಳುವವನಿಗೂ ಇದು ಸರಿಬರಲಿಲ್ಲ. ‘ಅಲ್ಲಿ ಯಾಕೆ? ಅವಳು ಬೈಯುತ್ತಾಳಲ್ಲ?’ ಎಂದ. ಒಂದು ಮಗು ಹೇಳಿತು: ‘ಬೈಯುತ್ತಾಳೆ. ಹೆಸರು ಹಿಡಿದು ಬೈಯುತ್ತಾಳೆ. ಅವಳಿಗೆ ನಮ್ಮೆಲ್ಲರ ಹೆಸರು ಗೊತ್ತು.’ ಇನ್ನೊಂದು ಮಗು ಹೇಳಿತು: ‘ಹೋಗುವಾಗ ಒಬ್ಬೊಬ್ಬರನ್ನೂ ಕೇಳುತ್ತಾಳೆ. ಬರುವಾಗ ಒಬ್ಬರು ಕಡಿಮೆ ಇದ್ದರೆ ಅವರ ಮನೆಯ ಸುದ್ದಿ ಅವಳಿಗೆ ಸಿಗುವುದಿಲ್ಲ. ಅವಳು ನಮ್ಮನ್ನು ಬಿಡುವುದೇ ಇಲ್ಲ.’"

ದಾಕ್ಷಾಯಣಿ ತಲೆ ಎತ್ತಿದಳು.

"ಮುಂದೆ ಏನಾಯಿತು ಅಪ್ಪಾ? ಹಿರಿಯರು ಒಪ್ಪಿದರೇ?"

"ವ್ಯಾಪಾರಿ ಮೊದಲು ಒಪ್ಪಿದ. ಉಳಿದವರು ಆಮೇಲೆ ಒಪ್ಪಿದರು. ಮಕ್ಕಳು ತಾವು ಹಾಕಿದ ದಾರಿಯಲ್ಲಿ ನಡೆದವು. ಯಾರೂ ಎಳೆಯಬೇಕಾಗಲಿಲ್ಲ."

"ಹಿರಿಯರೂ ಎಲ್ಲವನ್ನೂ ನೋಡಿಯೇ ದಾರಿ ಆರಿಸಿದ್ದರಲ್ಲ. ಅವರಿಗೆ ಯಾಕೆ ಇದು ಕಾಣಲಿಲ್ಲ?"

ಅಪ್ಪನವರು ಹೇಳಿದರು: "ಹಿರಿಯರು ದಾರಿಯನ್ನು ನೋಡಿದರು. ದಾರಿಯಲ್ಲಿ ತಮ್ಮನ್ನು ನೋಡುವವರು ಯಾರಿದ್ದಾರೆ ಎಂದು ಮಕ್ಕಳು ನೋಡಿದವು."

ಅಪ್ಪನವರು ಒಮ್ಮೆ ಕಂಬದ ಕಡೆಗೆ ನೋಡಿದರು. ಬತ್ತಿ ಎಷ್ಟಾದವು ಎಂದು ಇರಬೇಕು. ಆಮೇಲೆ ಎದ್ದು ಒಳಗೆ ಹೋದರು.

ಕತೆ ಮುಗಿಯಿತು ಎಂದು ನೀವು ಏಳಬೇಡಿ. ಅಪ್ಪನವರದು ಮುಗಿಯಿತು.

ಮರುದಿನ ದಾಕ್ಷಾಯಣಿ ನಿಜವಾಗಿಯೂ ಮಠದ ಅಂಗಳದಲ್ಲಿ ಹುಣಸೆಬೀಜ ಸುರಿದಳು. ನಾನು ಹೂವು ಕೊಡುವ ನೆಪ ಮಾಡಿ ಹೋದೆ. ಮಕ್ಕಳು ನೆಲದ ಮೇಲೆ ಬೋರಲು ಮಲಗಿ ಬೀಜ ಇಡುತ್ತಿದ್ದವು. ಒಬ್ಬಳ ಕೈ ಇನ್ನೊಬ್ಬಳ ಜಡೆಯಲ್ಲಿತ್ತು. "ಅಲ್ಲೆ ಬ್ಯಾಡ, ಅಲ್ಲೆ ಹುಂಜ ಐತಿ." "ಹುಂಜಕ್ಕ ಒಂದು ಬಳೆಚೂರು ಇಡು." "ನಿಮ್ಮಪ್ಪನ ಅಂಗಡಿಗೆ ಏನು ಇಡೂನು?" "ಬೀಗ ಇಡು." ಹೀಗೆ ನಡೆದಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು, ಬೀಜ ಓದುವುದನ್ನು ಆಗ ಕಲಿಸುತ್ತಿರಲಿಲ್ಲ. ನಡುವೆ ಒಂದು ಕಡೆ ಎತ್ತಿನ ಕೊರಳಗಂಟೆ ಇಟ್ಟಿದ್ದರು. ದಾರಿ ಅದರ ಮುಂದೆ ಹೋಗಿ, ಮತ್ತೆ ಅದರ ಮುಂದೆಯೇ ಬಂದಿತ್ತು.

"ಇದೇನು, ಬಸವಣ್ಣನ ಗುಡಿಯೇನು?" ಎಂದು ಕೇಳಿದೆ.

ಚಂಪಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಉಳಿದವೂ ನಕ್ಕವು. ದಾಕ್ಷಾಯಣಿ ಹೂವು ಇಸಿದುಕೊಂಡು, "ಅಜ್ಜಿ, ಶನಿವಾರ ನೀವು ಊರಲ್ಲೇ ಇರುತ್ತೀರಲ್ಲ?" ಎಂದು ಕೇಳಿದಳು. ನಾನು ಎಲ್ಲಿಗೆ ಹೋಗಲಿ? ನಾನು ಒಂದು ದಿನ ಊರು ಬಿಟ್ಟರೆ ಊರಿನಲ್ಲಿ ಏನು ನಡೆಯಿತು ಎಂದು ಹೇಳುವವರು ಯಾರು?

ಭಾನುವಾರದ ಕಮಿಟಿಯ ಮಾತು ಹೇಳುತ್ತೇನೆ. ಅಷ್ಟರೊಳಗೆ ಹಿಂಬಾಗಿಲಿನ ಸುದ್ದಿ ಊರಿಗೆ ಹೇಗೋ ಗೊತ್ತಾಗಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ಹೂವಿನವಳಿಗೆ ಹೇಳಿದ್ದೆ, ಅವಳು ನಂಬಿಗಸ್ತೆ. ಹಿಟ್ಟಿನ ಗಿರಣಿಯಲ್ಲಿ ಸಾಲು ಉದ್ದ ಇತ್ತು, ಹೊತ್ತು ಹೋಗಬೇಕಲ್ಲ ಎಂದು ಅಲ್ಲಿ ಸ್ವಲ್ಪ ಹೇಳಿದ್ದೆ. ಕಮಿಟಿ ಕೂಡಿದಾಗ ಇಸ್ಪೀಟು ಆಡುವವರ ಪೈಕಿ ನಾಲ್ಕು ಜನರ ಹೆಂಡಂದಿರು ಯಾರೂ ಕರೆಯದೆ ಬಂದು ಗೋಡೆಗೆ ಒರಗಿ ಕೂತಿದ್ದರು. ಸುಮ್ಮನೆ ಕೂತಿದ್ದರು, ಅಷ್ಟೇ. ರಾಚಪ್ಪ ಎದ್ದು ನಿಂತ. ಕೆಮ್ಮಿದ.

"ಮಕ್ಕಳು ಹಾಕಿದ ದಾರಿನ ಇರಲಿ," ಎಂದ. "ಅವಕ್ಕೂ ತಿಳುವಳಿಕಿ ಇರತೈತಿ."

"ಮತ್ತ ಹಿಂದಿನ ಬಾಗಲಾ?" ಎಂದು ಚಂಪಾಳ ತಾಯಿ ಕೇಳಿದಳು. ಮೆಲ್ಲಗೆ ಕೇಳಿದಳು.

"ಅದಕ್ಕ ಇಟ್ಟಂಗಿ ಕಟ್ಟಸ್ತೇನಿ," ಎಂದ ರಾಚಪ್ಪ.

ಕಟ್ಟಿಸಿದ. ನಾನು ಹೋಗಿ ನೋಡಿಕೊಂಡು ಬಂದೆ. ಗಾರೆ ಇನ್ನೂ ಹಸಿ ಇತ್ತು. ಈಗ ಆ ಗಂಡಸರು ಎಲ್ಲಿ ಆಡುತ್ತಾರೆ ಎಂಬುದೂ ನನಗೆ ಗೊತ್ತು, ಆದರೆ ಅದು ಮಕ್ಕಳ ದಾರಿಯಲ್ಲಿಲ್ಲ. ಈರಪ್ಪನೂ ಶನಿವಾರ ಬೆಳಿಗ್ಗೆ ಹುಂಜವನ್ನು ಬುಟ್ಟಿಯ ಕೆಳಗೆ ಮುಚ್ಚಿಡುತ್ತಾನೆ. ಅವನಿಗೂ ಕಟ್ಟುವುದಕ್ಕೆ ಏನಾದರೂ ಬೇಕಿತ್ತು.

ಆ ಮುಂದಿನ ಶನಿವಾರದಿಂದ ಮಕ್ಕಳು ನಮ್ಮ ಓಣಿಯಲ್ಲೇ ಹೋಗತೊಡಗಿದವು. ಚಂಪಾ ಎಲ್ಲರಿಗಿಂತ ಮುಂದೆ. ಅವಳು ಬಾತುಕೋಳಿಯ ಹಾಗೆ ನಡೆಯುತ್ತಾಳೆ, ಉಳಿದವು ಅವಳ ಹಿಂದೆ ಬಾತುಕೋಳಿಯ ಹಾಗೆಯೇ ನಡೆಯುತ್ತವೆ. ನನಗೆ ಅದು ಎಷ್ಟು ಕೆಲಸ ಅಂತೀರಿ. ಕೂತಲ್ಲಿ ಕೂರುವಂತಿಲ್ಲ. ನಾನು ನನ್ನ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿರುತ್ತೇನೆ. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಆ ಕಟ್ಟೆ ಉಳಿದದ್ದು ನನ್ನಿಂದ. ರಸ್ತೆ ಅಗಲ ಮಾಡುವಾಗ ಪುರಸಭೆಯವರು ಒಂದೊಂದೇ ಮನೆಯ ಕಟ್ಟೆ ಒಡೆಯುತ್ತ ಬಂದರು. ನನ್ನ ಮನೆಗೆ ಬಂದಾಗ ನಾನು ಏಳಲಿಲ್ಲ. ಟೇಪು ಹಿಡಿದ ಆ ಇಂಜಿನಿಯರನ ಮದುವೆ ನಿಶ್ಚಯ ಮೂರು ಕಡೆ ಯಾಕೆ ಮುರಿದುಬಿತ್ತು ಎಂದು ಕೂಲಿಗಳಿಗೆ ಹೇಳತೊಡಗಿದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಅವನು ಟೇಪು ಸುತ್ತಿಕೊಂಡು ಹೊರಟುಹೋದ. ಮತ್ತೆ ಈ ಕಡೆ ಬರಲಿಲ್ಲ.

ಮಕ್ಕಳು ಬಂದರೆ ಸುಮ್ಮನೆ ಬಿಡಲಾದೀತೆ? ಕೇಳುತ್ತೇನೆ. "ಏ ಸಿದ್ದಲಿಂಗಾ, ನಿಮ್ಮ ಕಾಕಾನ ಮದಿವಿ ಮಾತು ಎಲ್ಲಿಗೆ ಬಂತು?" "ಏ ಮೆಹಬೂಬಿ, ನಿಮ್ಮ ಅಕ್ಕ ಬಾಣಂತನಕ್ಕ ಬಂದಳೇನ? ಒಬ್ಬಾಕಿನ ಬಂದಳೋ, ಗಂಡನೂ ಬಂದಾನೋ?" "ಚಂಪಾ, ನಿನ್ನ ಮೂಗು ಒರಸ್ಕೋ, ನಿಮ್ಮವ್ವ ಸಾಲಿಗೆ ಕಳಿಸ್ಯಾಳೋ ಸಂತಿಗೆ ಕಳಿಸ್ಯಾಳೋ?" ಒಬ್ಬೊಬ್ಬರಾಗಿ ನಿಂತು ಹೇಳಿ ಹೋಗುತ್ತವೆ. ನಿಂತವರಿಗೆ ನಾಲ್ಕು ಶೇಂಗಾ. ಬರುವಾಗ ಮತ್ತೆ ಕೇಳುತ್ತೇನೆ, ಹೋಗುವಾಗ ಅರ್ಧ ಹೇಳಿರುತ್ತವಲ್ಲ. ಹೋದ ವಾರ ಬರುವಾಗ ಸಿದ್ದಲಿಂಗ ಕಾಣಲಿಲ್ಲ. ಅವನ ಕಾಕಾನ ಸುದ್ದಿ ಅರ್ಧಕ್ಕೇ ನಿಂತಿತ್ತು. "ಎಲ್ಲಿ ಅಂವಾ? ಅಂವಾ ಬರೂತನಾ ಯಾರೂ ಹೋಗಂಗಿಲ್ಲ" ಎಂದು ಕೋಲು ಅಡ್ಡ ಇಟ್ಟು ಎಲ್ಲರನ್ನೂ ನಿಲ್ಲಿಸಿದೆ. ದಾಕ್ಷಾಯಣಿ ಹಿಂದಕ್ಕೆ ಓಡಿದಳು. ಅವನು ತಿರುವಿನಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತು ಅಳುತ್ತ ಕೂತಿದ್ದ. ಎತ್ತಿಕೊಂಡು ಬಂದಳು. ಆಮೇಲೆ ಅವನು ಉಳಿದರ್ಧ ಹೇಳಿದ. ಹುಡುಗಿಯ ಕಡೆಯವರು ಬೇಡ ಎಂದರಂತೆ. ನನಗೆ ಮೊದಲೇ ಗೊತ್ತಿತ್ತು.

ಆ ಸಂಜೆ ನಿಂಬೆವ್ವ ಬಂದು ನನ್ನ ಪಕ್ಕದಲ್ಲಿ ಕೂತಳು. ಅವಳಿಗೂ ಒಂದು ಮುಷ್ಟಿ ಶೇಂಗಾ ಕೊಟ್ಟೆ. ಓಣಿ ತಣ್ಣಗಿತ್ತು. ಮಕ್ಕಳೆಲ್ಲ ಮನೆ ಸೇರಿದ್ದವು. ನನ್ನ ಮನಸ್ಸಿಗೆ ಹಿತವಾಗಿತ್ತು. ಆದರೂ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

"ಎಲ್ಲಾ ಛಲೋ ಆತು," ಎಂದೆ. "ಆದರ ಅಪ್ಪಾವರು ಆ ದ್ಯಾಮಿನ ಕತಿಯಾಗ ತಂದು ಅಷ್ಟು ದೊಡ್ಡಾಕಿ ಮಾಡಬಾರದಿತ್ತು. ಮಕ್ಕಳು ಆಕಿ ಮಾರಿ ನೋಡಿ ಈ ಓಣಿಗೆ ಬರ್ತಾವಂತ. ಆಕಿಗೆ ಗೊತ್ತಾದರ ಇನ್ನ ಆಕಿನ್ನ ಹಿಡಿಯೂರು ಯಾರು?"

ನಿಂಬೆವ್ವ ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿದಳು. ಸೆರಗಿನಿಂದ ಸಿಪ್ಪೆ ಕೊಡವಿದಳು. ನನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದಳು:

"ಯಕ್ಕಾ, ದ್ಯಾಮವ್ವನ ಕಟ್ಟಿ ಪುರಸಭೆಯವರು ಒಡದು ಹೋಗಿ ಎಷ್ಟೋ ವರ್ಷಾತು; ಈ ಓಣ್ಯಾಗ ಉಳಿದಿದ್ದು ಒಂದ ಕಟ್ಟಿ, ಅದರ ಮ್ಯಾಲ ನೀ ಕುಂತಿ."